ಕಂಬಳಿ ಹಂಚೋರು ಮತ್ತು ಸಾಲದ ಲೆಕ್ಕ

ದಾನ ಅಂದರೆ ಎರಡು ಕೈ. ಕೊಡುವ ಕೈ ಮೇಲೆ, ತಗೊಳ್ಳುವ ಕೈ ಕೆಳಗೆ. ಮೇಲಿನದು ಯಾಕೆ ಮೇಲಿದೆ, ಕೆಳಗಿನದು ಯಾಕೆ ಕೆಳಗಿದೆ ಅಂತ ಕೇಳದ ಸಮಾಜಸೇವೆ ನಮ್ಮ ಹಳ್ಳಿ ಹೋಬಳಿಗಳಲ್ಲಿ ತುಂಬಿಕೊಂಡಿದೆ. ಏಪ್ರಿಲ್ 14 ಬಂದರೆ ಕೇರಿಗೆ ಬರ್ತಾರೆ. ನೋಟ್‌ಬುಕ್ಕು, ಕಂಬಳಿ, ಹಣ್ಣು ಹಂಚ್ತಾರೆ. ಫೋಟೋ ತೆಗೆಸ್ಕೊಂಡು ಹೋಗ್ತಾರೆ. ಕೇರಿ ಮಾತ್ರ ಇದ್ದಲ್ಲೇ ಇರುತ್ತೆ.

ಹಸಿದವನಿಗೆ ಅನ್ನ ಬೇಡ ಅಂತ ಯಾರೂ ಹೇಳ್ತಿಲ್ಲ. ಚಳಿಗೆ ಕಂಬಳಿ ಬೇಕೇ ಬೇಕು. ಪ್ರಶ್ನೆ ಬೇರೆ. ವರ್ಷಪೂರ್ತಿ ದುಡಿಯುವ ಮನುಷ್ಯನ ಹತ್ತಿರ ಒಂದು ಕಂಬಳಿ ಕೊಳ್ಳುವಷ್ಟು ದುಡ್ಡು ಯಾಕಿಲ್ಲ?

ಜೀತವನ್ನೇ ತಗೊಳ್ಳಿ. ಮಗಳ ಮದುವೆಗೋ ಹೆಂಡತಿಯ ಕಾಯಿಲೆಗೋ ಒಬ್ಬ ಸಾಲ ಮಾಡ್ತಾನೆ. ತೀರಿಸೋಕೆ ಒಡೆಯನ ಹೊಲಕ್ಕೆ ಇಳೀತಾನೆ. ಕೂಲಿ ಬಡ್ಡಿಗೆ ಹೋಗುತ್ತೆ, ಅಸಲು ಹಾಗೇ ಉಳಿಯುತ್ತೆ. ಲೆಕ್ಕವೆಲ್ಲ ಒಡೆಯನ ಪುಸ್ತಕದಲ್ಲಿ. ಅಪ್ಪ ಸೋತರೆ ಮಗ ಬರ್ತಾನೆ. ಈಗ ಎಷ್ಟೋ ಕಡೆ ಒಡೆಯನ ಜಾಗದಲ್ಲಿ ಇಟ್ಟಿಗೆ ಗೂಡಿನ, ಕಲ್ಲು ಕ್ವಾರಿಯ ಮಾಲೀಕ ನಿಂತಿದ್ದಾನೆ. ಸಾಲಕ್ಕೆ ಮುಂಗಡ ಅಂತ ಹೆಸರು ಬದಲಾಗಿದೆ. ಹುಡುಗ ಶಾಲೆ ಬಿಟ್ಟ ಅಂತ ಊರಿನ ಸೇವಾ ಸಂಘ ಅವನಿಗೆ ಚೀಲ ಕೊಡುತ್ತೆ. ಅವನನ್ನು ಶಾಲೆ ಬಿಡಿಸಿದ್ದು ಸಾಲ. ಇದನ್ನು ಹಳ್ಳಿ ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಜರಿ ಪುಸ್ತಕದಲ್ಲಿ ದಿನಾ ಓದ್ತಿರ್ತಾರೆ.

ಹಾಗಾದರೆ ಸಂಘ ಸಾಲದ ಮಾತೆತ್ತೋದಿಲ್ಲ ಯಾಕೆ? ದಾನಿಗಳ ಪಟ್ಟಿ ಓದಿ ನೋಡಿ. ಚೀಲಕ್ಕೆ ದುಡ್ಡು ಕೊಟ್ಟೋನೂ ಸಾಲ ಕೊಟ್ಟೋನೂ ಒಬ್ಬನೇ ಆಗಿದ್ದರೆ, ಇಲ್ಲವೇ ಅವನ ನೆಂಟನಾಗಿದ್ದರೆ, ಸಂಘದ ಬಾಯಿ ಹೇಗೆ ಬಿಚ್ಚೀತು? ಆಳಿನ ಬೆವರಲ್ಲಿ ನೂರು ಉಳಿಸಿ ಅವನ ಮಗನಿಗೆ ಹತ್ತು ಕೊಟ್ಟರೆ ಅದು ಧರ್ಮ. ಬಾಕಿ ತೊಂಬತ್ತು ಕೇಳಿದರೆ ಅದು ಗಲಾಟೆ!

ಕಾನೂನು ಇಲ್ಲದೆ ಇಲ್ಲ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲೇ ಬಂತು. 1975ರ ಅಕ್ಟೋಬರ್ 25ರಿಂದಲೇ ಜಾರಿ. ಜೀತದ ಸಾಲ ಆವತ್ತೇ ಸತ್ತಿದೆ, ತೀರಿಸಬೇಕಾಗಿಲ್ಲ. ಅದು ಜೀತದ ಸಾಲ ಅಲ್ಲ ಅಂತ ರುಜುವಾತು ಮಾಡಬೇಕಾದವನು ಸಾಲ ಕೊಟ್ಟವನು. ಜೀತ ಮಾಡಿಸಿದವನಿಗೆ 3 ವರ್ಷದವರೆಗೆ ಸಜೆ. ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು. ಅದರಲ್ಲಿ ಪರಿಶಿಷ್ಟರೂ ಸಮಾಜಸೇವಕರೂ ಕೂರಬೇಕು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸೋದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಅಂತ 1982ರಲ್ಲಿ ಏಷ್ಯಾಡ್ ಕೂಲಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಸೇವೆ ಮಾಡೋ ಮನಸ್ಸಿರುವವರಿಗೆ ಇಲ್ಲಿ ಬೇಕಾದಷ್ಟು ಕೆಲಸ ಇದೆ. ಊರಲ್ಲಿ ಸಾಲಕ್ಕೆ ದುಡೀತಿರೋರು ಯಾರು, ಎಷ್ಟಕ್ಕೆ, ಎಷ್ಟು ವರ್ಷದಿಂದ ಅಂತ ಬರೆದುಕೊಳ್ಳಿ. ಅವರನ್ನು ಕೂರಿಸಿಕೊಂಡು ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ. ಬಿಡುಗಡೆ ಪತ್ರ ಕೈಗೆ ಬರೋವರೆಗೂ ಕಚೇರಿ ಬಾಗಿಲು ಬಿಡಬೇಡಿ. ಪುನರ್ವಸತಿ ಇಲ್ಲದ ಬಿಡುಗಡೆ ಮತ್ತೆ ಜೀತಕ್ಕೇ ತಳ್ಳುತ್ತೆ ಅಂತ 1984ರಲ್ಲೇ ಸುಪ್ರೀಂ ಕೋರ್ಟು ಎಚ್ಚರಿಸಿದೆ. ನಿಮ್ಮ ಅಕ್ಕಿ, ಕಂಬಳಿ ಆಗ ಬೇಕು. ಕಾಯಿಲೆ, ಸಾವಿನ ಹೊತ್ತಿಗೆ ಕೈಗೆ ಸಿಗೋ ನಿಧಿಯೊಂದನ್ನು ಕೇರಿಯ ಹೆಂಗಸರ ಕೈಲಿಡಿ. ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಕೇರಿಯವರು ಕೂರಲಿ. ಜಮಾಖರ್ಚು ಕೇರಿಯಲ್ಲೇ ಓದಿ ಹೇಳಲಿ. ಇದಕ್ಕೆ ದಾನಿ ಮುನಿಸಿಕೊಂಡರೆ ಅವನ ದುಡ್ಡು ಯಾವ ಕೆಲಸಕ್ಕೆ ಬರ್ತಿತ್ತು ಅನ್ನೋದೂ ತಿಳಿಯುತ್ತೆ.

ಬಾಬಾಸಾಹೇಬರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಅದು 1925ರಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲು ತೆರೆಯಿತು. 1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರು ಜನರ ಜೊತೆ ಮಹಾಡಿನ ಚೌದಾರ್ ಕೆರೆಗೆ ಇಳಿದರು. ಹಾಸ್ಟೆಲು ಬೇಡ ಅನ್ನಲಿಲ್ಲ, ಹಾಸ್ಟೆಲಿಗೇ ನಿಲ್ಲಲೂ ಇಲ್ಲ. ಬಿಂದಿಗೆ ನೀರು ಯಾರೂ ಎತ್ತಿ ಹುಯ್ಯಬಹುದು. ಅವರು ಕೇಳಿದ್ದು ಕೆರೆಯ ಹಕ್ಕು.

ಗೆಳೆಯರೇ, ಈ ಸಲ ನಿಮ್ಮ ಕೇರಿಗೆ ಕಂಬಳಿ ಬಂದರೆ ತಗೊಳ್ಳಿ. ಮುದುಕರಿಗೆ ಹೊದಿಸಿ. ಆಮೇಲೆ ಕಂಬಳಿ ತಂದವರನ್ನೂ ಕರ್ಕೊಂಡು ಒಡೆಯನ ಮನೆಗೆ ಹೋಗಿ, ಸಾಲದ ಪುಸ್ತಕ ತೆಗೆಸಿ.