ಪೆಟ್ಲಿನ ಸದ್ದು

ಮಲೆನಾಡಿನಲ್ಲಿ ಚೌತಿ ಹತ್ತಿರವಾದರೆ ಹುಡುಗರ ಕೈಗೆ ಪೆಟ್ಲು ಎಂಬ ಆಟದ ಕೋವಿ ಬರುತ್ತದೆ. ಗೇಣುದ್ದದ ವಾಟೆ ಬಿದಿರಿನ ಕೊಳವೆ, ನಡುವೆ ಗಂಟಿರಬಾರದು. ಒಳಗೆ ಸರಾಗ ಓಡುವ ಹಿಡಿಯುಳ್ಳ ಕಡ್ಡಿ. ಜೇಬು ತುಂಬ ಹಸಿ ಜುಮ್ಮನಕಾಯಿ. ಮೊದಲ ಕಾಯಿಯನ್ನು ಬಾಯಿಯವರೆಗೆ ದೂಡಿ, ಹಿಂದಿನಿಂದ ಎರಡನೆಯದನ್ನು ಒತ್ತಿದರೆ ನಡುವೆ ಸಿಕ್ಕಿದ ಗಾಳಿ ಮುಂದಿನದನ್ನು 'ಪಟ್' ಎಂದು ಒದೆಯುತ್ತದೆ. ನನಗೆ ಬೆರಗು ಕಡ್ಡಿಯ ಅಳತೆಯದೇ. ಕೊಳವೆಗಿಂತ ಅರ್ಧ ಬೆರಳು ಗಿಡ್ಡ. ಹಾಗಾಗಿ ಒತ್ತಿದ ಕಾಯಿ ಹೊರಬೀಳದೆ ಬಾಯಲ್ಲೇ ನಿಂತು ಮುಂದಿನ ಗುಂಡಾಗುತ್ತದೆ! 'ಪುಸ್' ಎಂದರೆ ಗಾಳಿ ಸೋರಿದೆ: ಕಾಯಿ ಸಣ್ಣದು, ಇಲ್ಲವೇ ವಾಟೆ ಸೀಳಿದೆ. ಅಣ್ಣ ಕಡ್ಡಿಯ ತುದಿ ಜಜ್ಜಿ ಕುಂಚದಂತೆ ಮಾಡಿ, ಎಂಜಲು ಹಚ್ಚಿ ಕೊಡುತ್ತಿದ್ದ. ಮರುಗಳಿಗೆ ಪಟ್! ಕಾಯಿಯ ಘಾಟು ಮಾತ್ರ ಊಟದ ಹೊತ್ತಿಗೂ ಬೆರಳು ಬಿಡುತ್ತಿರಲಿಲ್ಲ.