ಯುದ್ಧಚಿತ್ರದ ಹಿರಿಮೆ

ಈಚಿನ ಯುದ್ಧಚಿತ್ರಗಳನ್ನು ಮೆಚ್ಚುವವರು ಮೊದಲು ಆಡುವ ಮಾತು, ‘ಎಲ್ಲವೂ ನಿಜದಂತೆಯೇ ಇದೆ’ ಎಂಬುದು. ಗುಂಡಿನ ಸದ್ದು, ಕೆಸರು, ನೆತ್ತರು ಇವುಗಳ ಚಿತ್ರಣದಲ್ಲಿ ಚಲಚ್ಚಿತ್ರ ಸಾಧಿಸಿರುವ ನೈಜತೆ ಅಸಾಧಾರಣವಾದುದೇ ಸರಿ. ಆದರೆ ಸದ್ದು ಕಿವಿಗಾಯಿತು, ನೆತ್ತರು ಕಣ್ಣಿಗಾಯಿತು, ಮನಸ್ಸಿಗೇನು ದೊರೆಯಿತು?

ಸ್ಟೀವನ್ ಸ್ಪೀಲ್‌ಬರ್ಗರ ‘ಸೇವಿಂಗ್ ಪ್ರೈವೇಟ್ ರಯಾನ್’ (1998) ಚಿತ್ರವನ್ನೇ ನೋಡೋಣ. 1944ರ ಜೂನ್ 6ರಂದು ಅಮೆರಿಕದ ಸೈನಿಕರು ನಾರ್ಮಂಡಿಯ ಒಮಾಹಾ ತೀರದಲ್ಲಿ ಇಳಿಯುತ್ತಾರೆ. ಅಲ್ಲಿ ಯಾರು ಬದುಕುವರು, ಯಾರು ಸಾಯುವರು ಎಂಬುದಕ್ಕೆ ಶೌರ್ಯವಾಗಲಿ ಸದ್ಗುಣವಾಗಲಿ ಕಾರಣವಲ್ಲ. ಭಯಾನಕ ಬೀಭತ್ಸಗಳ ಈ ಭಾಗ ನಿಜಕ್ಕೂ ದೊಡ್ಡದು. ಕಥೆ ಮುಂದುವರಿದಂತೆ ಮಾತ್ರ ಚಿತ್ರ ವೀರರಸದ ಹಳೆಯ ಹಾದಿಗೇ ಹೊರಳುತ್ತದೆ. ಸೆರೆಸಿಕ್ಕಿ ಬಿಡುಗಡೆ ಪಡೆದ ಜರ್ಮನ್ ಸೈನಿಕನೊಬ್ಬ ಮತ್ತೆ ಬಂದು ಕಾದುತ್ತಾನೆ. ಕೊನೆಗೆ ಅವನು ಶರಣಾದರೂ ಗುಂಡಿಗೆ ಬಲಿಯಾಗುತ್ತಾನೆ. ಆಗ ಪ್ರೇಕ್ಷಕನಿಗೆ ಆಗುವುದು ಸಮಾಧಾನ! ಆ ಸಮಾಧಾನವೇ ಸಂದೇಹಾಸ್ಪದವಾದುದು.

ಎಲೆಮ್ ಕ್ಲಿಮೋವರ ಸೋವಿಯತ್ ಚಿತ್ರ ‘ಕಮ್ ಅಂಡ್ ಸೀ’ (1985) ಹಿಡಿದ ದಾರಿ ಬೇರೆ. 1943ರ ಬೆಲರೂಸಿನಲ್ಲಿ ಬಂದೂಕು ಹಿಡಿಯುವ ಉತ್ಸಾಹದಿಂದ ಮನೆಬಿಟ್ಟ ಬಾಲಕ ಫ್ಲ್ಯೋರಾನ ಮುಖ ಸ್ವಲ್ಪ ಕಾಲದಲ್ಲಿಯೇ ಮುದುಕನ ಮುಖವಾಗುತ್ತದೆ. ಹಳ್ಳಿಗರನ್ನು ಒಂದೆಡೆ ಕೂಡಿಹಾಕಿ ಸುಟ್ಟುದನ್ನು ಅವನು ಕಂಡಿದ್ದಾನೆ. ಹೀಗೆ ಜನಸಮೇತ ಸುಟ್ಟುಹೋದ ಹಳ್ಳಿಗಳು 628 ಎಂದು ಚಿತ್ರ ತಿಳಿಸುತ್ತದೆ. ಕೊನೆಯಲ್ಲಿ ಬಾಲಕ ನೀರಿನಲ್ಲಿ ಬಿದ್ದ ಹಿಟ್ಲರನ ಭಾವಚಿತ್ರಕ್ಕೆ ಗುಂಡಿಕ್ಕುತ್ತಾನೆ. ಒಂದೊಂದು ಗುಂಡಿಗೂ ಚರಿತ್ರೆ ಹಿಂದುಹಿಂದಕ್ಕೆ ಓಡುತ್ತದೆ. ತಾಯಿಯ ಮಡಿಲಲ್ಲಿ ಕೂಸಾಗಿರುವ ಹಿಟ್ಲರ್ ಕಂಡೊಡನೆ ಅವನ ಕೈ ತಡೆಯುತ್ತದೆ. ಆದರೂ ಅವನು ಬಂದೂಕನ್ನು ಎಸೆಯುವುದಿಲ್ಲ. ತನ್ನ ದಳದೊಡನೆ ಹೋರಾಟಕ್ಕೆ ಸಾಗುತ್ತಾನೆ. ಅನ್ಯಾಯವನ್ನು ಎದುರಿಸಲೇಬೇಕು, ಆದರೆ ಕೂಸನ್ನು ಕೊಲ್ಲಲಾಗದು. ಉಪದೇಶದ ಒಂದು ಮಾತಿಲ್ಲದೆ ಇಷ್ಟೂ ನಮ್ಮ ಮನಸ್ಸಿಗೆ ಮುಟ್ಟುತ್ತದೆ.

ನಮ್ಮ ರನ್ನನಿಗೂ ಈ ಮರ್ಮ ತಿಳಿದಿತ್ತು. ಅವನ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ಅಭಿಮನ್ಯುವಿನ ಕಳೇಬರವನ್ನು ಕಾಣುತ್ತಾನೆ. ಹಗೆಯ ಮಗನನ್ನು ಹಳಿಯದೆ, ಅಂಥ ಮರಣ ತನಗೂ ಬರಲೆಂದು ಹಾರೈಸುತ್ತಾನೆ. ಗದಾಯುದ್ಧಕ್ಕಿಂತ ಈ ಗಳಿಗೆಯೇ ಓದುಗನಲ್ಲಿ ಬಹುಕಾಲ ನಿಲ್ಲುತ್ತದೆ.

ಶತ್ರುವೂ ಒಬ್ಬ ತಾಯಿಯ ಮಗನೆಂಬ ಅರಿವನ್ನು, ಅವನ ಅಪರಾಧವನ್ನು ಮರೆಮಾಚದೆ, ಉಂಟುಮಾಡುವ ಚಿತ್ರವೇ ಹಿರಿದಾದ ಯುದ್ಧಚಿತ್ರ. ರಣರಂಗವನ್ನು ತೆರೆಯ ಮೇಲೆ ಮಾತ್ರ ಬಲ್ಲ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ಬೆಳಗಿನ ಪತ್ರಿಕೆಯಲ್ಲಿ ಸತ್ತವರ ಸಂಖ್ಯೆಯನ್ನು ಓದುವಾಗ ನಮಗೆ ಏನನ್ನಿಸುತ್ತದೆ ಎಂಬುದನ್ನು ಈ ಚಿತ್ರಗಳೂ ರೂಪಿಸುತ್ತಿವೆ.