ಹೊದಿಕೆ ಮೊದಲು, ನೇಗಿಲ ಮಾತು ಆಮೇಲೆ

ಉಳಬೇಡಿ, ನೆಲಕ್ಕೆ ಹುಲ್ಲು ಹೊದಿಸಿ. ಜಪಾನಿನ ಮಸನೊಬು ಫುಕುವೊಕ ಹೇಳಿದ ಈ ಮಾತನ್ನು ಪೂರ್ಣಚಂದ್ರ ತೇಜಸ್ವಿಯವರ ‘ಸಹಜ ಕೃಷಿ’ ಕನ್ನಡದ ಓದುಗರಿಗೆ ಮುಟ್ಟಿಸಿತು. ಸಿಂಧನೂರು ತಾಲ್ಲೂಕಿನ ಮುಕ್ಕುಂದದ ಕಡೆ ಈ ಮಾತಿನ ಎರಡು ತುಂಡುಗಳನ್ನು ಬೇರೆ ಬೇರೆಯಾಗಿ ತೂಗಬೇಕು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳಲ್ಲಿ ಹೊದಿಕೆಗೆ ಬರವಿಲ್ಲ. ಕೊಯ್ಲು ಯಂತ್ರ ಉಗುಳಿದ ಭತ್ತದ ಹುಲ್ಲು ಎಷ್ಟೋ ಕಡೆ ಬೆಂಕಿಗೆ ಹೋಗುತ್ತದೆ. ಕೇಜ್‌ವೀಲ್ ಹೊಡೆದು ಕೆಸರು ಮಾಡಿದ ಎರೆ ನೆಲದಡಿ ಗಟ್ಟಿ ಪದರ ಕೂತಿರುತ್ತದೆ. ಹಿಂದೆ ಬರುವ ಕಡಲೆಯ ಬೇರು ಅದನ್ನು ದಾಟಲಾರದು. ಭತ್ತವನ್ನೂ ಕೂರಿಗೆಯಲ್ಲಿ ಬಿತ್ತಿದರೆ ಈ ಕಾಟ ಕಡಿಮೆ, ಆದರೆ ಕಳೆ ಹೆಚ್ಚು. ಹುಲ್ಲನ್ನು ಮೇಲೇ ಬಿಟ್ಟರೆ ತೇವ ನಿಲ್ಲುತ್ತದೆ, ಆವಿಯ ಜೊತೆ ಸವಳು ಮೇಲೇರುವುದೂ ನಿಧಾನವಾಗುತ್ತದೆ. ಆದರೆ ಹೊದಿಕೆ ಸವಳನ್ನು ತಡೆದೀತೇ ಹೊರತು ತೊಳೆಯದು. ಅದಕ್ಕೆ ಬಸಿಗಾಲುವೆಯೇ ಬೇಕು. ಭತ್ತದ ಹುಲ್ಲಿನಲ್ಲಿ ಸಾರಜನಕಕ್ಕಿಂತ ಇಂಗಾಲ ಸುಮಾರು 60–80 ಪಟ್ಟು ಹೆಚ್ಚು. ಅದನ್ನು ಮಣ್ಣಿಗೆ ಸೇರಿಸಿ ಕೂಡಲೇ ಬಿತ್ತಿದರೆ ಸೂಕ್ಷ್ಮಜೀವಿಗಳು ಸಾರಜನಕ ಹಿಡಿದಿಟ್ಟುಕೊಂಡು ಪೈರು ಹಳದಿಯಾಗುತ್ತದೆ. ಮೇಲೇ ಹಾಸಿದರೆ ಈ ತೊಂದರೆ ಕಡಿಮೆ.

ಲಿಂಗಸುಗೂರು, ಮಸ್ಕಿಯ ಒಣ ಹೊಲಗಳ ಲೆಕ್ಕವೇ ಬೇರೆ. ಅಲ್ಲಿ ಜೋಳದ ಸೊಪ್ಪೆ ಎತ್ತಿನ ಹೊಟ್ಟೆಗೆ. ಹತ್ತಿ ಕಟ್ಟಿಗೆ ಹಾಸೋಣವೆಂದರೆ ಒಣಕಾಯಿಯೊಳಗಿನ ಗುಲಾಬಿ ಹುಳು ಮುಂದಿನ ಬೆಳೆಗೆ ದಾಟುತ್ತದೆ. ಹಾಗಾಗಿ ರೈತರು ಹಿಂಗಾರಿ ಜೋಳದ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚುತ್ತಾರೆ. ಆ ಪುಡಿಮಣ್ಣೂ ಒಂದು ಹೊದಿಕೆಯೇ. ನೆಲ ಕದಡಲೇಬಾರದು ಎನ್ನುವ ಶಾಸ್ತ್ರ ಇದನ್ನು ತಪ್ಪೆಂದರೆ, ಎಡವಿದ್ದು ಶಾಸ್ತ್ರವೇ.

610 ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿದ ಲೇಖನವೂ ಈ ಎಚ್ಚರಕ್ಕೆ ಪುಷ್ಟಿ ಕೊಡುತ್ತದೆ. ಉಳುಮೆ ಬಿಟ್ಟ ಹೊಲಗಳ ಇಳುವರಿ ಒಟ್ಟಾರೆ ಶೇ 5.7ರಷ್ಟು ಕುಸಿದಿತ್ತು. ಜೊತೆಗೆ ಬೆಳೆಯ ಉಳಿಕೆ ಹೊದಿಸಿ, ಬೆಳೆ ಬದಲಿಸಿದ ಮಳೆಯಾಶ್ರಿತ ಒಣ ಸೀಮೆಯಲ್ಲಿ ಮಾತ್ರ ಶೇ 7.3ರಷ್ಟು ಏರಿತ್ತು. ಅಂದರೆ ಒಣ ಸೀಮೆಯಲ್ಲಿ ಲಾಭವಿದೆ, ಹೊದಿಸಲು ಮಾತ್ರ ಏನೂ ಮಿಕ್ಕಿರುವುದಿಲ್ಲ. ಹುಲ್ಲು ಮಿಕ್ಕಿರುವ ಕಡೆ ಸುಡುತ್ತೇವೆ.

ಆದ್ದರಿಂದ ಈ ಪದ್ಧತಿಯನ್ನು ಮೊದಲು ಪರೀಕ್ಷಿಸಬೇಕಾದದ್ದು ಮುಕ್ಕುಂದದಂಥ ಭತ್ತದ ಊರುಗಳಲ್ಲಿ, ಭತ್ತದ ಹಿಂದೆ ಬರುವ ಕಡಲೆಯಲ್ಲಿ. ಹುಲ್ಲು ಸೀಳಿ ಬೀಜ ಇಳಿಸುವ ಕೂರಿಗೆ ಹೊತ್ತಿಗೆ ಸರಿಯಾಗಿ ಬಾಡಿಗೆಗೆ ಸಿಗುವಂತೆ ಮಾಡದೆ, ಸುಡಬೇಡಿ ಎಂದಷ್ಟೇ ರೈತರಿಗೆ ಬುದ್ಧಿ ಹೇಳುವುದು ಅರೆಬರೆ ಸಲಹೆ.